ಕಾಂತದೊಳಗಿನ ಅಲೆ: ಸುದ್ದಿ ಒಯ್ಯುವ ಹೊಸ ದಾರಿ

ಮಕ್ಕಳೇ, ಮನೆಯಲ್ಲಿ ಯಾರಾದರೂ ಬಹಳ ಹೊತ್ತು ಮೊಬೈಲಿನಲ್ಲಿ ವಿಡಿಯೋ ನೋಡಿದ ಮೇಲೆ ಅದರ ಬೆನ್ನನ್ನು ಮುಟ್ಟಿ ನೋಡಿದ್ದೀರಾ? ಬೆಚ್ಚಗಿರುತ್ತದೆ. ಶಾಲೆಯಲ್ಲಿ ಕಂಪ್ಯೂಟರ್ ಇದ್ದರೆ ಅದರ ಪೆಟ್ಟಿಗೆಯ ಹಿಂಬದಿಗೆ ಕೈ ಹಿಡಿದು ನೋಡಿ. ಒಳಗಿರುವ ಪುಟ್ಟ ಫ್ಯಾನು ಬಿಸಿ ಗಾಳಿಯನ್ನು ಹೊರಕ್ಕೆ ತಳ್ಳುತ್ತಿರುತ್ತದೆ.

ಒಲೆ ಬಿಸಿಯಾಗುವುದು ಸರಿ, ಅದರ ಕೆಲಸವೇ ಅದು. ಇಸ್ತ್ರಿ ಪೆಟ್ಟಿಗೆ ಬಿಸಿಯಾಗುವುದೂ ಸರಿ. ಆದರೆ ಲೆಕ್ಕ ಮಾಡುವ, ಚಿತ್ರ ತೋರಿಸುವ, ಸುದ್ದಿ ಕಳಿಸುವ ಯಂತ್ರ ಏಕೆ ಬಿಸಿಯಾಗಬೇಕು? ಆ ಬಿಸಿಯಿಂದ ಅನ್ನ ಬೇಯುವುದಿಲ್ಲ, ಬಟ್ಟೆಯ ಸುಕ್ಕು ಹೋಗುವುದಿಲ್ಲ. ಅದು ಪೋಲಾದ ವಿದ್ಯುತ್ತು.

ಈ ಪೋಲನ್ನು ಕಡಿಮೆ ಮಾಡುವ ಒಂದು ದಾರಿಯನ್ನು ವಿಜ್ಞಾನಿಗಳು ಕಾಂತದ ಒಳಗೆ ಹುಡುಕುತ್ತಿದ್ದಾರೆ. ಅದರ ಹೆಸರು 'ಸ್ಪಿನ್ ಅಲೆ'. ಅದು ಏನು, ಹೇಗೆ ಹುಟ್ಟುತ್ತದೆ, ಸುದ್ದಿಯನ್ನು ಹೇಗೆ ಒಯ್ಯುತ್ತದೆ ಎಂಬುದನ್ನು ಒಂದು ಹಗ್ಗ, ಒಂದು ಬುಗುರಿ ಮತ್ತು ಕೆಲವು ಕೋಲಾಟದ ಕೋಲುಗಳ ಸಹಾಯದಿಂದ ತಿಳಿಯೋಣ ಬನ್ನಿ.

ಬಿಸಿ ಎಲ್ಲಿಂದ ಬರುತ್ತದೆ?

ತಂತಿಯಲ್ಲಿ ವಿದ್ಯುತ್ ಹರಿಯುತ್ತದೆ ಎನ್ನುತ್ತೇವೆ. ಹರಿಯುವುದು ಏನು? ಎಲೆಕ್ಟ್ರಾನ್ ಎಂಬ ಬಹಳ ಸಣ್ಣ ಕಣಗಳು. ಅವು ತಂತಿಯಲ್ಲಿರುವ ಪರಮಾಣುಗಳ ನಡುವೆ ಜಾಗ ಮಾಡಿಕೊಂಡು ಸಾಗಬೇಕು.

ಸಂತೆಯ ದಿನ ಜನಜಂಗುಳಿಯ ನಡುವೆ ಒಂದು ಚೀಟಿ ಹಿಡಿದು ಓಡುವ ಹುಡುಗನನ್ನು ನೆನೆಯಿರಿ. ಅವನು ಅವರಿಗೆ ಇವರಿಗೆ ಡಿಕ್ಕಿ ಹೊಡೆಯುತ್ತಾನೆ. ಪ್ರತಿ ಡಿಕ್ಕಿಯಲ್ಲಿಯೂ ಅವನ ಶಕ್ತಿ ಸ್ವಲ್ಪ ಸ್ವಲ್ಪ ಕಳೆದುಹೋಗುತ್ತದೆ. ಎಲೆಕ್ಟ್ರಾನ್‌ಗಳ ಪಾಡೂ ಹೆಚ್ಚು ಕಡಿಮೆ ಇದೇ. ಅವು ಕಳೆದುಕೊಂಡ ಶಕ್ತಿಯಿಂದ ಪರಮಾಣುಗಳು ಜೋರಾಗಿ ಕಂಪಿಸುತ್ತವೆ. ಆ ಕಂಪನವೇ ಬಿಸಿ.

ಒಂದು ಮೊಬೈಲಿನ ಬಿಸಿ ದೊಡ್ಡದಲ್ಲ. ಆದರೆ ನಾವು ನೋಡುವ ವಿಡಿಯೋ, ಕಳಿಸುವ ಚಿತ್ರ ಎಲ್ಲವೂ ದೂರದಲ್ಲಿ ಸಾವಿರಾರು ಕಂಪ್ಯೂಟರ್‌ಗಳಿರುವ ದೊಡ್ಡ ಕಟ್ಟಡಗಳಲ್ಲಿ ಶೇಖರವಾಗಿರುತ್ತವೆ. ಅವುಗಳಿಗೆ ದತ್ತಾಂಶ ಕೇಂದ್ರ ಎಂದು ಹೆಸರು. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ 2025ರ ವರದಿಯಂತೆ, 2024ರಲ್ಲಿ ಪ್ರಪಂಚ ಬಳಸಿದ ಪ್ರತಿ 100 ಯೂನಿಟ್ ವಿದ್ಯುತ್ತಿನಲ್ಲಿ ಸುಮಾರು ಒಂದೂವರೆ ಯೂನಿಟ್ ಈ ಕೇಂದ್ರಗಳಿಗೇ ಹೋಗಿದೆ. ಅಲ್ಲಿ ಯಂತ್ರಗಳನ್ನು ನಡೆಸಲು ವಿದ್ಯುತ್ ಬೇಕು. ಅವು ಬಿಸಿಯಾದಾಗ ತಣಿಸಲು ಮತ್ತೆ ವಿದ್ಯುತ್ ಬೇಕು!

ಹಾಗಾದರೆ ಎಲೆಕ್ಟ್ರಾನ್‌ಗಳು ಓಡದೆಯೇ ಸುದ್ದಿ ಮುಂದೆ ಹೋಗುವಂತಿದ್ದರೆ?

ಯಾರೂ ಹೋಗದೆ ಸುದ್ದಿ ಹೋಗುವುದು

ಇದು ಸಾಧ್ಯವೇ ಎಂದು ನೀವು ಕೇಳಬಹುದು. ನೀವೇ ಎಷ್ಟೋ ಸಲ ಮಾಡಿದ್ದೀರಿ. ಸಾಲಾಗಿ ಕುಳಿತು ಒಬ್ಬರ ಕಿವಿಯಲ್ಲಿ ಇನ್ನೊಬ್ಬರು ಪಿಸುಗುಟ್ಟುವ ಆಟ ಆಡಿದ್ದೀರಲ್ಲವೇ? ಮೊದಲನೆಯವರ ಮಾತು ಕೊನೆಯವರನ್ನು ತಲುಪುತ್ತದೆ. ಆದರೆ ಯಾರೂ ಕುಳಿತ ಜಾಗದಿಂದ ಏಳುವುದಿಲ್ಲ.

ಮಾಡಿ ನೋಡಿ – 1

ಬೇಕಾಗುವ ವಸ್ತುಗಳು: ನಾಲ್ಕೈದು ಮೀಟರ್ ಉದ್ದದ ಹಗ್ಗ, ಒಂದು ತುಂಡು ಕೆಂಪು ರಿಬ್ಬನ್.

ವಿಧಾನ: ಹಗ್ಗದ ಒಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ. ಹಗ್ಗದ ನಡುವೆ ರಿಬ್ಬನ್ ಕಟ್ಟಿ. ಇನ್ನೊಂದು ತುದಿಯನ್ನು ಹಿಡಿದು ಒಮ್ಮೆ ಜೋರಾಗಿ ಮೇಲೆ ಕೆಳಗೆ ಒದರಿ.

ಏನಾಯಿತು? ಒಂದು ಉಬ್ಬು ನಿಮ್ಮ ಕೈಯಿಂದ ಹೊರಟು ಕಿಟಕಿಯವರೆಗೆ ಓಡಿತು. ರಿಬ್ಬನ್ ಎಲ್ಲಿಗೆ ಹೋಯಿತು? ಎಲ್ಲಿಗೂ ಹೋಗಲಿಲ್ಲ. ಇದ್ದ ಜಾಗದಲ್ಲೇ ಮೇಲೆ ಎದ್ದು ಕೆಳಗೆ ಇಳಿಯಿತು.

ಇದೇ ಅಲೆ. ಅಲೆಯಲ್ಲಿ ವಸ್ತು ಸಾಗುವುದಿಲ್ಲ, ಅದರ ಅಲುಗಾಟ ಸಾಗುತ್ತದೆ. ಕಿಟಕಿಯ ಬಳಿ ನಿಂತ ಗೆಳೆಯ ಕಣ್ಣು ಮುಚ್ಚಿ ಹಗ್ಗ ಮುಟ್ಟಿಕೊಂಡಿದ್ದರೂ ನೀವು ಎಷ್ಟು ಸಲ ಒದರಿದಿರಿ ಎಂದು ಹೇಳಬಲ್ಲ. ಅಂದರೆ ಅಲೆಯ ಜೊತೆಗೆ ಸುದ್ದಿಯೂ ಹೋಯಿತು.

ಈಗ ಕಾಂತದ ಒಳಗೆ ಇಂಥ ಅಲೆ ಹೇಗೆ ಏಳುತ್ತದೆ ಎಂದು ನೋಡೋಣ. ಅದಕ್ಕೆ ಮೊದಲು ಕಾಂತದ ಒಳಗೆ ಏನಿದೆ ಎಂದು ತಿಳಿಯಬೇಕು.

ಕಾಂತದ ಒಳಗೆ ಪುಟ್ಟ ಕಾಂತಗಳು

ಮಾಡಿ ನೋಡಿ – 2

ಬೇಕಾಗುವ ವಸ್ತುಗಳು: ಒಂದು ಪ್ರನಾಳ ಮತ್ತು ಬಿರಡೆ, ಕಬ್ಬಿಣದ ಪುಡಿ, ದಂಡಕಾಂತ, ದಿಕ್ಸೂಚಿ.

ವಿಧಾನ: ಪ್ರನಾಳದ ಮುಕ್ಕಾಲು ಭಾಗಕ್ಕೆ ಕಬ್ಬಿಣದ ಪುಡಿ ತುಂಬಿ ಬಿರಡೆ ಹಾಕಿ. ಪ್ರನಾಳದ ಎರಡೂ ತುದಿಗಳನ್ನು ಒಂದೊಂದಾಗಿ ದಿಕ್ಸೂಚಿಯ ಮುಳ್ಳಿನ ಉತ್ತರ ತುದಿಯ ಬಳಿ ತನ್ನಿ. ಎರಡೂ ತುದಿಗಳು ಮುಳ್ಳನ್ನು ಸೆಳೆಯುತ್ತವೆ.

ಈಗ ಪ್ರನಾಳವನ್ನು ಮೇಜಿನ ಮೇಲೆ ಮಲಗಿಸಿ. ದಂಡಕಾಂತದ ಒಂದು ಧ್ರುವದಿಂದ ಪ್ರನಾಳದ ಒಂದು ತುದಿಯಿಂದ ಇನ್ನೊಂದು ತುದಿಗೆ ಸವರಿ. ಕೊನೆ ಮುಟ್ಟಿದಾಗ ಕಾಂತವನ್ನು ಮೇಲಕ್ಕೆತ್ತಿ ಮತ್ತೆ ಮೊದಲಿನಿಂದ ಸವರಿ. ಹೀಗೆ 30 ಸಲ ಒಂದೇ ದಿಕ್ಕಿನಲ್ಲಿ ಸವರಿ. ನಂತರ ಪ್ರನಾಳವನ್ನು ಅಲುಗಿಸದೆ ನಿಧಾನವಾಗಿ ದಿಕ್ಸೂಚಿಯ ಬಳಿ ತನ್ನಿ.

ಏನಾಯಿತು? ಈಗ ಒಂದು ತುದಿ ಮುಳ್ಳನ್ನು ಸೆಳೆಯುತ್ತದೆ, ಇನ್ನೊಂದು ತುದಿ ದೂರ ತಳ್ಳುತ್ತದೆ. ವಿಕರ್ಷಣೆ ಇದೆ ಎಂದರೆ ಪ್ರನಾಳ ಈಗ ಕಾಂತವಾಗಿದೆ ಎಂದರ್ಥ! ಪ್ರನಾಳವನ್ನು ಚೆನ್ನಾಗಿ ಕುಲುಕಿ ಮತ್ತೆ ಪರೀಕ್ಷಿಸಿ. ಕಾಂತತ್ವ ಮಾಯವಾಗಿರುತ್ತದೆ.

ಕಬ್ಬಿಣದ ಒಂದೊಂದು ಚೂರೂ ಪುಟ್ಟ ಕಾಂತವಾಯಿತು. ಅವೆಲ್ಲ ಒಂದೇ ದಿಕ್ಕಿಗೆ ತಿರುಗಿದಾಗ ಪ್ರನಾಳ ದೊಡ್ಡ ಕಾಂತವಾಯಿತು. ಅವು ಚೆಲ್ಲಾಪಿಲ್ಲಿಯಾದಾಗ ಒಂದರ ಬಲವನ್ನು ಇನ್ನೊಂದು ಕಳೆಯಿತು. ಪ್ರಾರ್ಥನೆಗೆ ಸಾಲಾಗಿ ನಿಂತ ಮಕ್ಕಳಿಗೂ ಬಿಡುವಿನ ವೇಳೆಯ ಮಕ್ಕಳಿಗೂ ಇರುವ ವ್ಯತ್ಯಾಸದಂತೆ!

ಕಬ್ಬಿಣದ ಚೂರಿನ ಒಳಗೆ ಇನ್ನೂ ಇಳಿದು ಹೋದರೆ ಪರಮಾಣುಗಳು ಸಿಗುತ್ತವೆ. ಪರಮಾಣುವಿನಲ್ಲಿ ಎಲೆಕ್ಟ್ರಾನ್‌ಗಳಿವೆ. ಪ್ರತಿ ಎಲೆಕ್ಟ್ರಾನ್ ತಾನೇ ಒಂದು ಅತಿ ಪುಟ್ಟ ಕಾಂತ. 1925ರಲ್ಲಿ ನೆದರ್‌ಲೆಂಡ್ಸ್ ದೇಶದ ಲೈಡನ್ ವಿಶ್ವವಿದ್ಯಾಲಯದ ಇಬ್ಬರು ತರುಣರು, ಜಾರ್ಜ್ ಉಲೆನ್‌ಬೆಕ್ ಮತ್ತು ಸ್ಯಾಮ್ಯುಯೆಲ್ ಗೌಡ್ಸ್‌ಮಿಟ್, ಎಲೆಕ್ಟ್ರಾನಿಗೆ ಗಿರಕಿ ಹೊಡೆಯುವ ಗುಣವಿದೆ ಎಂದು ಸೂಚಿಸಿದರು. ಈ ಗುಣಕ್ಕೆ 'ಸ್ಪಿನ್' ಎಂದು ಹೆಸರಾಯಿತು. ಸ್ಪಿನ್ ಎಂದರೆ ಗಿರಕಿ. ಆದರೆ ಎಲೆಕ್ಟ್ರಾನ್ ನಿಜವಾಗಿ ಚೆಂಡಿನಂತೆ ಗಿರಗಿರ ತಿರುಗುತ್ತದೆ ಎಂದು ತಿಳಿಯಬಾರದು. ಗಿರಕಿ ಹೊಡೆಯುವ ವಸ್ತುವಿನಂತೆ ಅದು ವರ್ತಿಸುತ್ತದೆ ಎಂದಷ್ಟೇ ಅರ್ಥ. ಈ ಸ್ಪಿನ್‌ನಿಂದಾಗಿಯೇ ಎಲೆಕ್ಟ್ರಾನ್ ಪುಟ್ಟ ಕಾಂತವಾಗಿದೆ.

ಹಾಗಾದರೆ ಎಲ್ಲ ವಸ್ತುಗಳೂ ಕಾಂತಗಳೇಕಲ್ಲ? ಹೆಚ್ಚಿನ ವಸ್ತುಗಳಲ್ಲಿ ಎಲೆಕ್ಟ್ರಾನ್‌ಗಳು ಜೋಡಿಯಾಗಿ ಎದುರುಬದುರು ದಿಕ್ಕಿಗೆ ತಿರುಗಿರುತ್ತವೆ. ಒಂದರ ಬಲ ಇನ್ನೊಂದರಿಂದ ಅಳಿಸಿಹೋಗುತ್ತದೆ. ಕಬ್ಬಿಣ, ನಿಕ್ಕಲ್, ಕೋಬಾಲ್ಟ್‌ಗಳಲ್ಲಿ ಜೋಡಿಯಿಲ್ಲದ ಸ್ಪಿನ್‌ಗಳು ಉಳಿಯುತ್ತವೆ. ಅಷ್ಟೇ ಅಲ್ಲ, ಅಕ್ಕಪಕ್ಕದ ಸ್ಪಿನ್‌ಗಳು ಒಂದನ್ನೊಂದು 'ನನ್ನಂತೆಯೇ ನಿಲ್ಲು' ಎಂದು ಬಲವಾಗಿ ಒತ್ತಾಯಿಸುತ್ತವೆ. ಈ ನೆರೆಹೊರೆಯ ಬಲವನ್ನು ನೆನಪಿಡಿ. ಅಲೆ ಸಾಗುವುದಕ್ಕೆ ಇದು ಮುಖ್ಯ.

ಬುಗುರಿಯ ತಲೆದೂಗು

ಬುಗುರಿ ಆಡಿದ್ದೀರಲ್ಲವೇ? ಚಾಟಿ ಸುತ್ತಿ ಬಿಟ್ಟ ಕೂಡಲೇ ಬುಗುರಿ ನೆಟ್ಟಗೆ ನಿಂತು ತಿರುಗುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಏನಾಗುತ್ತದೆ? ಓರೆಯಾಗುತ್ತದೆ. ಆದರೆ ಓರೆಯಾದ ತಕ್ಷಣ ಬೀಳುವುದಿಲ್ಲ. ಅದರ ತಲೆ ಗಾಳಿಯಲ್ಲಿ ದುಂಡಗೆ ಸುತ್ತು ಹಾಕುತ್ತದೆ. ಬುಗುರಿ ತನ್ನ ಸುತ್ತ ತಾನು ತಿರುಗುವುದು ಒಂದು ಚಲನೆ. ಅದರ ತಲೆ ವೃತ್ತ ಬರೆಯುವುದು ಇನ್ನೊಂದು ಚಲನೆ. ಈ ಎರಡನೆಯದನ್ನು ನಾವು ತಲೆದೂಗು ಎಂದು ಕರೆಯೋಣ.

ಕಾಂತದೊಳಗಿನ ಸ್ಪಿನ್ ಕೂಡ ಹೀಗೆಯೇ. ನೆಟ್ಟಗೆ ನಿಂತ ಸ್ಪಿನ್ನನ್ನು ಯಾವುದೋ ಬಲ ಸ್ವಲ್ಪ ಓರೆ ಮಾಡಿತು ಎನ್ನೋಣ. ಅದು ನೇರವಾಗಿ ಮೊದಲಿನ ಸ್ಥಿತಿಗೆ ಮರಳುವುದಿಲ್ಲ. ಬುಗುರಿಯಂತೆ ತಲೆದೂಗುತ್ತಾ ನಿಧಾನವಾಗಿ ನೆಟ್ಟಗಾಗುತ್ತದೆ. ನಿಮ್ಮ ಬುಗುರಿ ಒಂದು ಸೆಕೆಂಡಿಗೆ ಒಂದೆರಡು ಸಲ ತಲೆದೂಗಬಹುದು. ಕಾಂತದೊಳಗಿನ ಸ್ಪಿನ್ ಒಂದು ಸೆಕೆಂಡಿಗೆ ನೂರಾರು ಕೋಟಿ ಸಲ ತಲೆದೂಗುತ್ತದೆ!

ಒಂದು ಸ್ಪಿನ್ ತಲೆದೂಗಿದರೆ ಪಕ್ಕದ್ದು ಸುಮ್ಮನಿರುತ್ತದೆಯೇ? ನೆರೆಹೊರೆಯ ಬಲ ಇದೆಯಲ್ಲ! ಅದೂ ಸ್ವಲ್ಪ ತಡವಾಗಿ ತಲೆದೂಗಲು ಆರಂಭಿಸುತ್ತದೆ. ಅದನ್ನು ನೋಡಿ ಅದರಾಚೆಯದು. ಹೀಗೆ ತಲೆದೂಗು ಒಂದರಿಂದ ಒಂದಕ್ಕೆ ದಾಟುತ್ತಾ ಕಾಂತದ ಉದ್ದಕ್ಕೂ ಹೋಗುತ್ತದೆ. ಇದೇ ಸ್ಪಿನ್ ಅಲೆ.

ಮೈದಾನದಲ್ಲಿ ಸ್ಪಿನ್ ಅಲೆ

ಮಾಡಿ ನೋಡಿ – 3

ಬೇಕಾಗುವ ವಸ್ತುಗಳು: 12 ಮಕ್ಕಳು, 12 ಕೋಲಾಟದ ಕೋಲುಗಳು. ಕೋಲು ಇಲ್ಲದಿದ್ದರೆ ಉದ್ದದ ಸ್ಕೇಲು ಸಾಕು.

ವಿಧಾನ: ಎಲ್ಲರೂ ಒಂದು ತೋಳಿನ ಅಂತರದಲ್ಲಿ ಸಾಲಾಗಿ ನಿಲ್ಲಿ. ಬಲಗೈಯಲ್ಲಿ ಕೋಲನ್ನು ತಲೆಗಿಂತ ಎತ್ತರಕ್ಕೆ ನೆಟ್ಟಗೆ ಹಿಡಿಯಿರಿ. ಶಿಕ್ಷಕರು ಒಂದು, ಎರಡು, ಮೂರು ಎಂದು ಎಣಿಸಲಿ. 'ಒಂದು' ಎಂದಾಗ ಎಡತುದಿಯ ವಿದ್ಯಾರ್ಥಿ ಕೋಲನ್ನು ಸ್ವಲ್ಪ ಓರೆ ಮಾಡಿ ಅದರ ತುದಿಯಿಂದ ಗಾಳಿಯಲ್ಲಿ ವೃತ್ತ ಬರೆಯುತ್ತಾ ಇರಲಿ. 'ಎರಡು' ಎಂದಾಗ ಎರಡನೆಯವರು ಆರಂಭಿಸಲಿ. 'ಮೂರು' ಎಂದಾಗ ಮೂರನೆಯವರು. ಎಲ್ಲರೂ ಒಂದೇ ವೇಗದಲ್ಲಿ, ಒಂದೇ ದಿಕ್ಕಿನಲ್ಲಿ ಸುತ್ತಬೇಕು. ಉಳಿದ ಮಕ್ಕಳು ದೂರ ನಿಂತು ಕೋಲುಗಳ ತುದಿಗಳನ್ನೇ ನೋಡಲಿ.

ಏನು ಕಂಡಿತು? ಕೋಲುಗಳ ತುದಿಗಳ ಮೇಲೆ ಒಂದು ಅಲೆ ಎಡದಿಂದ ಬಲಕ್ಕೆ ಹರಿದಂತೆ ಕಾಣುತ್ತದೆ. ಯಾರಾದರೂ ನಿಂತ ಜಾಗ ಬಿಟ್ಟರೇ? ಇಲ್ಲ. ಒಬ್ಬರ ಕೋಲು ಇನ್ನೊಬ್ಬರ ಕೈಗೆ ಹೋಯಿತೇ? ಇಲ್ಲ. ಆದರೂ ಎಡತುದಿಯಲ್ಲಿ ಆಟ ಶುರುವಾಗಿದೆ ಎಂಬ ಸುದ್ದಿ ಬಲತುದಿಗೆ ತಲುಪಿತು.

ನೀವು ಒಬ್ಬೊಬ್ಬರೂ ಒಂದೊಂದು ಸ್ಪಿನ್. ನಿಮ್ಮ ಸಾಲು ಒಂದು ಕಾಂತ. ನಿಮ್ಮ ಮೇಲೆ ಹರಿದದ್ದು ಸ್ಪಿನ್ ಅಲೆ.

ಒಗಟು ಬಿಡಿಸಿದ ಅಲೆ

ಸ್ಪಿನ್ ಅಲೆಯನ್ನು ಮೊದಲು ಊಹಿಸಿದವರು ಫೆಲಿಕ್ಸ್ ಬ್ಲಾಖ್ ಎಂಬ ವಿಜ್ಞಾನಿ. ಅವರು ಸ್ವಿಟ್ಜರ್‌ಲೆಂಡಿನ ಜ್ಯೂರಿಕ್‌ನಲ್ಲಿ 1905ರಲ್ಲಿ ಹುಟ್ಟಿದವರು. 1930ರಲ್ಲಿ ಈ ವಿಚಾರವನ್ನು ಪ್ರಕಟಿಸಿದಾಗ ಅವರಿಗೆ ಸುಮಾರು 25 ವರ್ಷ.

ಆಗ ಇಂದಿನಂಥ ಕಂಪ್ಯೂಟರ್ ಇರಲೇ ಇಲ್ಲ. ಬ್ಲಾಖ್ ಅವರಿಗೆ ಬೇಕಾಗಿದ್ದುದು ಬೇರೆಯೇ ಒಂದು ಒಗಟಿನ ಉತ್ತರ. ಕಾಂತವನ್ನು ಬಿಸಿ ಮಾಡಿದರೆ ಅದರ ಬಲ ಕುಗ್ಗುತ್ತದೆ. ಏಕೆ? ಬಿಸಿಯಾದಾಗ ಸ್ಪಿನ್‌ಗಳು ತಲೆದೂಗುತ್ತವೆ, ಆ ತಲೆದೂಗು ಅಲೆಯಾಗಿ ಹರಡುತ್ತದೆ, ನೆಟ್ಟಗೆ ನಿಂತ ಸ್ಪಿನ್‌ಗಳ ಶಿಸ್ತು ಕಡಿಮೆಯಾಗುತ್ತದೆ ಎಂದು ಅವರು ಗಣಿತದ ಮೂಲಕ ತೋರಿಸಿದರು. ಮುಂದೆ 1952ರಲ್ಲಿ ಬೇರೊಂದು ಸಂಶೋಧನೆಗಾಗಿ ಅವರಿಗೆ ನೊಬೆಲ್ ಬಹುಮಾನ ಬಂತು.

ಒಂದು ಒಗಟಿಗೆ ಹುಡುಕಿದ ಉತ್ತರ ಎಷ್ಟೋ ವರ್ಷಗಳ ಮೇಲೆ ಇನ್ನೊಂದು ಕೆಲಸಕ್ಕೆ ಬರುವುದು ವಿಜ್ಞಾನದಲ್ಲಿ ಸಾಮಾನ್ಯ. ಸ್ಪಿನ್ ಅಲೆಯ ಕಥೆಯೂ ಹಾಗೆಯೇ ಆಗಿದೆ.

ಅಲೆಗೆ ತಕ್ಕ ಹಾದಿ: ಯಿಗ್

ಎಲ್ಲ ಕಾಂತಗಳಲ್ಲಿಯೂ ಸ್ಪಿನ್ ಅಲೆ ದೂರ ಹೋಗುವುದಿಲ್ಲ. ಕಬ್ಬಿಣದಂಥ ಲೋಹದಲ್ಲಿ ಅದು ಬಹುಬೇಗ ಅಡಗಿಹೋಗುತ್ತದೆ. ಮರಳಿನಲ್ಲಿ ಉರುಳಿಸಿದ ಗೋಲಿಯಂತೆ. ನುಣುಪಾದ ನೆಲದ ಮೇಲೆ ಗೋಲಿ ದೂರ ಉರುಳುತ್ತದೆಯಲ್ಲವೇ? ಸ್ಪಿನ್ ಅಲೆಗೆ ಅಂಥ ನುಣುಪು ಹಾದಿಯಾಗಿರುವ ವಸ್ತು ಒಂದಿದೆ. ಅದರ ಹೆಸರು ಇಟ್ರಿಯಂ ಐರನ್ ಗಾರ್ನೆಟ್. ಚಿಕ್ಕದಾಗಿ 'ಯಿಗ್' ಎನ್ನುತ್ತಾರೆ.

ಯಿಗ್ ಅನ್ನು 1956ರಲ್ಲಿ ಫ್ರಾನ್ಸ್ ದೇಶದ ಗ್ರೆನೋಬಲ್ ನಗರದ ವಿಜ್ಞಾನಿಗಳಾದ ಬೆರ್ತೋ ಮತ್ತು ಫೊರ್ರಾ ಕಂಡುಹಿಡಿದರು. ಇದು ಗಾರ್ನೆಟ್ ಎಂಬ ಹರಳಿನಂಥದೇ ರಚನೆ ಇರುವ ಹರಳು. ಇದರಲ್ಲಿ ಪ್ರತಿ 3 ಇಟ್ರಿಯಂ ಪರಮಾಣುಗಳಿಗೆ 5 ಕಬ್ಬಿಣದ ಮತ್ತು 12 ಆಮ್ಲಜನಕದ ಪರಮಾಣುಗಳಿವೆ. ಇದರ ಒಂದು ವಿಶೇಷ ನೋಡಿ. ಯಿಗ್ ಕಾಂತೀಯ ವಸ್ತು, ಆದರೆ ವಿದ್ಯುತ್ತಿನ ಅವಾಹಕ. ಅಂದರೆ ಇದರೊಳಗೆ ಎಲೆಕ್ಟ್ರಾನ್‌ಗಳು ಓಡಲಾರವು. ಆದರೆ ನಿಂತಲ್ಲೇ ತಲೆದೂಗಬಲ್ಲವು! ವಿದ್ಯುತ್ತಿಗೆ ಮುಚ್ಚಿದ ಬಾಗಿಲು ಸ್ಪಿನ್ ಅಲೆಗೆ ತೆರೆದಿದೆ.

ಅಲೆಯನ್ನು ಎಬ್ಬಿಸುವುದು, ಹಿಡಿಯುವುದು

ಯಿಗ್‌ನ ತೆಳುವಾದ ಪದರದ ಒಂದು ತುದಿಯ ಮೇಲೆ ಸಣ್ಣ ಲೋಹದ ತಂತಿಯನ್ನು ಇಡುತ್ತಾರೆ. ಅದರಲ್ಲಿ ಅತಿ ಬೇಗ ಹಿಂದೆ ಮುಂದೆ ಆಡುವ ವಿದ್ಯುತ್ ಹರಿಸುತ್ತಾರೆ. ವಿದ್ಯುತ್ ಹರಿಯುವ ತಂತಿಯ ಸುತ್ತ ಕಾಂತಕ್ಷೇತ್ರ ಇರುತ್ತದೆ ಎಂದು ನೀವು ಓದಿರುತ್ತೀರಿ. ವಿದ್ಯುತ್ತಿನ ದಿಕ್ಕು ಬದಲಾದಂತೆ ಕಾಂತಕ್ಷೇತ್ರವೂ ಬದಲಾಗುತ್ತದೆ. ಅದು ಕೆಳಗಿರುವ ಸ್ಪಿನ್‌ಗಳನ್ನು ಅಲುಗಿಸುತ್ತದೆ. ಸ್ಪಿನ್ ಅಲೆ ಹೊರಡುತ್ತದೆ.

ಇನ್ನೊಂದು ತುದಿಯಲ್ಲಿ ಮತ್ತೊಂದು ತಂತಿ ಕಾದಿರುತ್ತದೆ. ಅಲೆ ಅಲ್ಲಿಗೆ ಬಂದಾಗ ತಲೆದೂಗುವ ಸ್ಪಿನ್‌ಗಳಿಂದ ಕಾಂತಕ್ಷೇತ್ರ ಬದಲಾಗುತ್ತದೆ. ಬದಲಾಗುವ ಕಾಂತಕ್ಷೇತ್ರ ತಂತಿಯಲ್ಲಿ ವಿದ್ಯುತ್ತನ್ನು ಹುಟ್ಟಿಸುತ್ತದೆ ಎಂದು 1831ರಲ್ಲಿಯೇ ಮೈಕೆಲ್ ಫ್ಯಾರಡೆ ತೋರಿಸಿದ್ದರು. ಆ ತಂತಿಯಲ್ಲಿ ಹುಟ್ಟಿದ ಸಣ್ಣ ವಿದ್ಯುತ್ತನ್ನು ಅಳೆದರೆ ಅಲೆ ಬಂತೆಂದು ತಿಳಿಯುತ್ತದೆ.

ಬೆಳಕಿನಿಂದಲೂ ಸ್ಪಿನ್ ಅಲೆಯನ್ನು ನೋಡಬಹುದು. ಯಿಗ್ ಮೇಲೆ ಲೇಸರ್ ಬೆಳಕು ಬಿಟ್ಟರೆ, ಸ್ಪಿನ್ ಅಲೆಗೆ ತಾಗಿ ಚದುರಿದ ಬೆಳಕಿನ ಬಣ್ಣ ಅತಿ ಸ್ವಲ್ಪ ಬದಲಾಗುತ್ತದೆ. ಚದುರಿದ ಬೆಳಕಿನ ಬಣ್ಣ ಬದಲಾಗುವುದು ಎಂದ ಕೂಡಲೇ ಯಾರ ನೆನಪಾಗುತ್ತದೆ? ಸರ್ ಸಿ. ವಿ. ರಾಮನ್ ಅವರದು! ಅವರು 1928ರಲ್ಲಿ ಅಣುಗಳಿಂದ ಚದುರಿದ ಬೆಳಕಿನಲ್ಲಿ ಇಂಥ ಬದಲಾವಣೆಯನ್ನು ಕಂಡರು. ಸ್ಪಿನ್ ಅಲೆಯನ್ನು ನೋಡುವ ಈ ವಿಧಾನ ರಾಮನ್ ಪರಿಣಾಮದ ಹತ್ತಿರದ ಬಂಧು.

ಅಲೆಯಲ್ಲಿ ಸುದ್ದಿ ಬರೆಯುವುದು

ಕಂಪ್ಯೂಟರಿಗೆ ತಿಳಿಯುವ ಅಕ್ಷರಗಳು ಎರಡೇ: 0 ಮತ್ತು 1. ನಮ್ಮ ಕನ್ನಡದ 'ಅ' ಆಗಲಿ, ಹಾಡಾಗಲಿ, ಚಿತ್ರವಾಗಲಿ ಅದರೊಳಗೆ 0 ಮತ್ತು 1ರ ಸಾಲುಗಳಾಗಿಯೇ ಇರುತ್ತವೆ. ಸ್ಪಿನ್ ಅಲೆಯಲ್ಲಿ ಈ ಎರಡನ್ನು ಹೇಗೆ ಬರೆಯುವುದು?

ಒಂದು ದಾರಿ: ಅಲೆ ಬಂದರೆ 1, ಬಾರದಿದ್ದರೆ 0.

ಇನ್ನೊಂದು ದಾರಿ: ಅಲೆ ಯಾವಾಗಲೂ ಬರುತ್ತದೆ, ಆದರೆ ಎರಡು ಬಗೆಯಲ್ಲಿ ಬರುತ್ತದೆ. ಉಬ್ಬಿನಿಂದ ಆರಂಭವಾದರೆ 0, ತಗ್ಗಿನಿಂದ ಆರಂಭವಾದರೆ 1. ಕೋಲಿನ ಆಟದಲ್ಲಿ ನೀವು ವೃತ್ತವನ್ನು ಬಲಬದಿಯಿಂದ ಆರಂಭಿಸಬಹುದು, ಇಲ್ಲವೇ ಎಡಬದಿಯಿಂದ ಆರಂಭಿಸಬಹುದು. ಹಾಗೆಯೇ ಇದೂ.

ಎರಡನೆಯ ದಾರಿಯಲ್ಲಿ ಒಂದು ಸೊಗಸಿದೆ. ಎರಡು ಅಲೆಗಳು ಕೂಡಿದಾಗ ಉಬ್ಬಿಗೆ ಉಬ್ಬು ಸೇರಿದರೆ ಅಲೆ ದೊಡ್ಡದಾಗುತ್ತದೆ. ಉಬ್ಬಿಗೆ ತಗ್ಗು ಸೇರಿದರೆ ಎರಡೂ ಅಳಿಸಿಹೋಗುತ್ತವೆ. ಇದರಿಂದ ಅಲೆ ಸುದ್ದಿ ಒಯ್ಯುವುದಷ್ಟೇ ಅಲ್ಲ, ಲೆಕ್ಕವನ್ನೂ ಮಾಡಬಲ್ಲದು!

ಅಲೆಗಳ ಮತದಾನ

ನಿಮ್ಮ ಶಾಲಾ ಸಂಸತ್ತಿನ ಚುನಾವಣೆಯನ್ನು ನೆನೆಯಿರಿ. ಹೆಚ್ಚು ಮತ ಬಂದವರು ಗೆಲ್ಲುತ್ತಾರೆ. ಈಗ ಮೂರು ಹಾದಿಗಳಿಂದ ಒಂದೇ ಗಾತ್ರದ ಮೂರು ಸ್ಪಿನ್ ಅಲೆಗಳು ಬಂದು ಒಂದು ಹಾದಿಯಲ್ಲಿ ಸೇರುತ್ತವೆ ಎನ್ನೋಣ. ಎರಡು ಅಲೆಗಳು 1 ಹೇಳುತ್ತವೆ, ಒಂದು ಅಲೆ 0 ಹೇಳುತ್ತದೆ. ಏನಾಗುತ್ತದೆ? ಒಂದು 1 ಮತ್ತು ಒಂದು 0 ಪರಸ್ಪರ ಅಳಿಸಿಹೋಗುತ್ತವೆ. ಉಳಿಯುವುದು 1. ಬಹುಮತವೇ ಗೆದ್ದಿತು!

0, 0, 0 ಬಂದರೆ ಉತ್ತರ 0.
0, 0, 1 ಬಂದರೆ ಉತ್ತರ 0.
0, 1, 1 ಬಂದರೆ ಉತ್ತರ 1.
1, 1, 1 ಬಂದರೆ ಉತ್ತರ 1.

ಇಂಥ ಜೋಡಣೆಗೆ ಬಹುಮತ ದ್ವಾರ ಎನ್ನಬಹುದು. ಈಗ ಮೂರನೆಯ ಅಲೆ ಯಾವಾಗಲೂ 0 ಆಗಿರುವಂತೆ ಮಾಡಿ. ಆಗ ಉಳಿದ ಎರಡೂ 1 ಆಗಿದ್ದರೆ ಮಾತ್ರ ಉತ್ತರ 1. ಮೂರನೆಯದನ್ನು ಯಾವಾಗಲೂ 1 ಮಾಡಿ. ಆಗ ಉಳಿದ ಎರಡರಲ್ಲಿ ಯಾವುದಾದರೂ ಒಂದು 1 ಆಗಿದ್ದರೆ ಸಾಕು, ಉತ್ತರ 1. 'ಎರಡೂ ಇದ್ದರೆ ಮಾತ್ರ' ಮತ್ತು 'ಯಾವುದಾದರೂ ಒಂದಿದ್ದರೆ ಸಾಕು' ಎಂಬ ಈ ಎರಡು ನಿಯಮಗಳು ಕಂಪ್ಯೂಟರಿನ ಲೆಕ್ಕಗಳಿಗೆಲ್ಲ ಅಡಿಗಲ್ಲುಗಳು. ಒಂದೇ ದ್ವಾರದಿಂದ ಎರಡೂ ಸಿಕ್ಕಿತು!

ಎಲ್ಲೆಲ್ಲಿ ಏನೇನಾಗಿದೆ?

2010ರಲ್ಲಿ ಜಪಾನಿನ ಸೆಂಡೈ ನಗರದ ತೊಹೊಕು ವಿಶ್ವವಿದ್ಯಾಲಯದ ತಂಡವು ಒಂದು ಪ್ರಯೋಗವನ್ನು ವರದಿ ಮಾಡಿತು. ಯಿಗ್‌ನ ಒಂದು ಕಡೆ ವಿದ್ಯುತ್ ಸಂಕೇತ ಕೊಟ್ಟು, ಅದನ್ನು ಸ್ಪಿನ್ ಅಲೆಯಾಗಿ ಮಾಡಿ, 1 ಮಿಲಿಮೀಟರ್ ದೂರದಲ್ಲಿ ಮತ್ತೆ ವಿದ್ಯುತ್ ಸಂಕೇತವಾಗಿ ಪಡೆಯಿತು. ಒಂದೇ ಮಿಲಿಮೀಟರೇ ಎಂದು ನಗು ಬಂತೇ? ಇಂದಿನ ಕಂಪ್ಯೂಟರ್ ಚಿಪ್ಪಿನಲ್ಲಿ ಒಂದು ಮಿಲಿಮೀಟರ್ ಉದ್ದದಲ್ಲಿ ಸಾವಿರಾರು ಸ್ವಿಚ್ಚುಗಳನ್ನು ಸಾಲಾಗಿ ಜೋಡಿಸಬಹುದು. ಆ ಲೋಕದಲ್ಲಿ ಒಂದು ಮಿಲಿಮೀಟರ್ ಬಹಳ ದೂರ!

ಜರ್ಮನಿಯ ಕೈಸರ್ಸ್‌ಲಾಟರ್ನ್ ನಗರದ ವಿಜ್ಞಾನಿಗಳು 2014ರಲ್ಲಿ, ಒಂದು ಸ್ಪಿನ್ ಅಲೆಯ ಹರಿವನ್ನು ಇನ್ನೊಂದು ಸ್ಪಿನ್ ಅಲೆಯಿಂದ ಹತೋಟಿಯಲ್ಲಿಡುವ ಸಾಧನವನ್ನು ತೋರಿಸಿದರು. ಕಾಲುವೆಯ ನೀರನ್ನು ಕಾಲುವೆಯ ನೀರಿನಿಂದಲೇ ತಡೆದಂತೆ. ಅದೇ ನಗರದಲ್ಲಿ 2017ರಲ್ಲಿ, ನಾವು ಮೇಲೆ ನೋಡಿದ ಬಹುಮತ ದ್ವಾರದ ಮಾದರಿಯನ್ನು ಯಿಗ್‌ನಿಂದ ಮಾಡಿ ಪರೀಕ್ಷಿಸಿದರು. 2020ರ ಹೊತ್ತಿಗೆ ಯಿಗ್ ಹಾದಿಗಳ ಅಗಲ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆಯಾಗಿತ್ತು.

ನಮ್ಮ ದೇಶದಲ್ಲಿಯೂ ಈ ಕೆಲಸ ನಡೆದಿದೆ. ಕೋಲ್ಕತ್ತದ ಸತ್ಯೇಂದ್ರನಾಥ ಬೋಸ್ ರಾಷ್ಟ್ರೀಯ ಮೂಲವಿಜ್ಞಾನ ಕೇಂದ್ರದಲ್ಲಿ ವಿಜ್ಞಾನಿಗಳು ಅತಿ ಕಿರಿದಾದ ಲೇಸರ್ ಮಿಂಚುಗಳನ್ನು ಬಳಸಿ ಪುಟ್ಟ ಕಾಂತಗಳ ತಲೆದೂಗನ್ನು ಅಳೆದಿದ್ದಾರೆ.

ಸ್ಪಿನ್ ಅಲೆಯ ಇನ್ನೊಂದು ಲಾಭ ಅದರ ಗಾತ್ರ. ಸೆಕೆಂಡಿಗೆ 300 ಕೋಟಿ ಸಲ ಕಂಪಿಸುವ ರೇಡಿಯೋ ಅಲೆಯಲ್ಲಿ ಒಂದು ಉಬ್ಬಿನಿಂದ ಮುಂದಿನ ಉಬ್ಬಿಗೆ 10 ಸೆಂಟಿಮೀಟರ್ ದೂರ. ಹೆಚ್ಚು ಕಡಿಮೆ ನಿಮ್ಮ ಅಂಗೈಯಷ್ಟು. ಅಷ್ಟೇ ಸಲ ಕಂಪಿಸುವ ಸ್ಪಿನ್ ಅಲೆಯಲ್ಲಿ ಈ ದೂರ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗದಷ್ಟು ಚಿಕ್ಕದಿರಬಹುದು. ಹಾಗಾಗಿ ಅದನ್ನು ಪುಟ್ಟ ಚಿಪ್ಪಿನೊಳಗೆ ಅಡಕ ಮಾಡಬಹುದು.

ತೊಡಕುಗಳು ಇಲ್ಲವೇ?

ಇವೆ. ಕೋಲಿನ ಆಟವನ್ನು ಮತ್ತೊಮ್ಮೆ ಆಡಿ. ಈ ಸಲ ಪ್ರತಿಯೊಬ್ಬರೂ ಎಡಬದಿಯವರಿಗಿಂತ ಸ್ವಲ್ಪ ಚಿಕ್ಕ ವೃತ್ತ ಬರೆಯಿರಿ. ಹನ್ನೆರಡನೆಯವರ ಬಳಿಗೆ ಬರುವಷ್ಟರಲ್ಲಿ ವೃತ್ತವೇ ಇರುವುದಿಲ್ಲ. ಸ್ಪಿನ್ ಅಲೆಯೂ ಸಾಗುತ್ತಾ ಸಾಗುತ್ತಾ ಹೀಗೆ ಅಡಗುತ್ತದೆ. ಯಿಗ್‌ನಲ್ಲಿ ನಿಧಾನವಾಗಿ, ಲೋಹಗಳಲ್ಲಿ ಬೇಗ. ಅಡಗಿದ ಅಲೆಯ ಶಕ್ತಿ ಎಲ್ಲಿ ಹೋಗುತ್ತದೆ? ಅದೂ ಕೊನೆಗೆ ಬಿಸಿಯೇ ಆಗುತ್ತದೆ. ಆದ್ದರಿಂದ ಸ್ಪಿನ್ ಅಲೆಯಿಂದ ಬಿಸಿಯೇ ಆಗುವುದಿಲ್ಲ ಎಂದು ಹೇಳಿದರೆ ಅದು ತಪ್ಪು. ಬಿಸಿ ಕಡಿಮೆಯಾಗಬಹುದು ಎಂಬುದೇ ಆಸೆ.

ಎರಡನೆಯ ತೊಡಕು: ವಿದ್ಯುತ್ತನ್ನು ಅಲೆಯಾಗಿ ಮತ್ತು ಅಲೆಯನ್ನು ವಿದ್ಯುತ್ತಾಗಿ ಬದಲಾಯಿಸುವಾಗ ಸಾಕಷ್ಟು ಶಕ್ತಿ ನಷ್ಟವಾಗುತ್ತದೆ. ಒಂದು ರೂಪಾಯಿ ಉಳಿಸಲು ಹೋಗಿ ದಾರಿಯಲ್ಲಿ ಎರಡು ರೂಪಾಯಿ ಬಸ್ ಚಾರ್ಜು ಕೊಟ್ಟಂತೆ ಆಗಬಾರದು. ಆದ್ದರಿಂದಲೇ ಹೆಚ್ಚಿನ ಲೆಕ್ಕವನ್ನು ಅಲೆಯಾಗಿದ್ದಾಗಲೇ ಮುಗಿಸಿ, ಕೊನೆಗೊಮ್ಮೆ ಮಾತ್ರ ವಿದ್ಯುತ್ತಾಗಿ ಬದಲಾಯಿಸುವ ದಾರಿಯನ್ನು ಹುಡುಕುತ್ತಿದ್ದಾರೆ. ಮೂರನೆಯದು: ಇಂದಿನ ಚಿಪ್ಪುಗಳನ್ನು ಸಿಲಿಕಾನ್‌ನಿಂದ ಮಾಡುತ್ತಾರೆ. ಅದರ ಮೇಲೆ ಒಳ್ಳೆಯ ಯಿಗ್ ಪದರವನ್ನು ಬೆಳೆಸುವುದು ಸುಲಭವಲ್ಲ.

ಹೀಗಾಗಿ ಸ್ಪಿನ್ ಅಲೆಯಿಂದ ಲೆಕ್ಕ ಮಾಡುವ ಕೆಲಸ ಇನ್ನೂ ಪ್ರಯೋಗಾಲಯಗಳಲ್ಲಿಯೇ ಇದೆ. ಆದರೆ ಯಿಗ್ ಹೊಸಬನಲ್ಲ. ಅದರ ಸಾಸಿವೆಯಂಥ ಪುಟ್ಟ ಗುಂಡುಗಳನ್ನು ಸೂಕ್ಷ್ಮ ರೇಡಿಯೋ ಅಲೆಗಳ ಉಪಕರಣಗಳಲ್ಲಿ ಹಲವು ದಶಕಗಳಿಂದ ಬಳಸುತ್ತಿದ್ದಾರೆ.

ಮಕ್ಕಳೇ, ಬ್ಲಾಖ್ ಅವರ ಕಾಗದದ ಮೇಲಿನ ಲೆಕ್ಕದಿಂದ ಯಿಗ್ ಸಿಗಲು 26 ವರ್ಷ ಹಿಡಿಯಿತು. ಯಿಗ್‌ನಿಂದ ಬಹುಮತ ದ್ವಾರದ ಮಾದರಿಯವರೆಗೆ ಇನ್ನೂ 61 ವರ್ಷ. ಉಳಿದ ತೊಡಕುಗಳನ್ನು ಬಿಡಿಸಲು ಇನ್ನೂ ಎಷ್ಟೋ ಕೈಗಳು ಬೇಕು. ಕೋಲು ಹಿಡಿದ ಸಾಲಿನಲ್ಲಿ ಒಬ್ಬರಿಂದ ಒಬ್ಬರಿಗೆ ಅಲೆ ದಾಟಿದಂತೆ, ತಿಳಿವಳಿಕೆಯೂ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟುತ್ತದೆ. ಸಾಲಿನಲ್ಲಿ ಮುಂದಿನ ಸರದಿ ನಿಮ್ಮದು.

ಪದ ಪರಿಚಯ

ಸ್ಪಿನ್: ಎಲೆಕ್ಟ್ರಾನನ್ನು ಪುಟ್ಟ ಕಾಂತವನ್ನಾಗಿ ಮಾಡುವ ಗಿರಕಿಯಂಥ ಗುಣ.
ಸ್ಪಿನ್ ಅಲೆ: ಸ್ಪಿನ್‌ಗಳ ತಲೆದೂಗು ಒಂದರಿಂದ ಒಂದಕ್ಕೆ ದಾಟುತ್ತಾ ಸಾಗುವ ಅಲೆ.
ಮ್ಯಾಗ್ನಾನ್: ಸ್ಪಿನ್ ಅಲೆಯ ಅತಿ ಚಿಕ್ಕ ಪ್ರಮಾಣಕ್ಕೆ ವಿಜ್ಞಾನಿಗಳು ಕೊಟ್ಟ ಹೆಸರು.
ಅವಾಹಕ: ವಿದ್ಯುತ್ ಹರಿಯಲು ಬಿಡದ ವಸ್ತು.

ಯೋಚಿಸಿ ಉತ್ತರಿಸಿ

1. ಹಗ್ಗದಲ್ಲಿ ಕಟ್ಟಿದ ರಿಬ್ಬನ್ ಕಿಟಕಿಯವರೆಗೆ ಏಕೆ ಹೋಗಲಿಲ್ಲ?
2. ಪ್ರನಾಳವನ್ನು ಕುಲುಕಿದಾಗ ಕಾಂತತ್ವ ಏಕೆ ಮಾಯವಾಯಿತು?
3. ಯಿಗ್ ವಿದ್ಯುತ್ ಅವಾಹಕ. ಆದರೂ ಅದರ ಮೂಲಕ ಸುದ್ದಿ ಹೇಗೆ ಹೋಗುತ್ತದೆ?
4. ಬಹುಮತ ದ್ವಾರಕ್ಕೆ ಮೂರರ ಬದಲು ನಾಲ್ಕು ಅಲೆಗಳನ್ನು ಕಳಿಸಿದರೆ ಯಾವ ತೊಂದರೆ ಬರಬಹುದು? ನಿಮ್ಮ ತರಗತಿಯಲ್ಲಿ ಕೈ ಎತ್ತಿ ಮತ ಹಾಕಿ ನೋಡಿ.